ಪ್ಯಾಂಜರ್ ಎಲೀಟ್: ದೂರವೂ ದೂರುಗಳೂ

1999ರಲ್ಲಿ ಬಂದ ‘ಪ್ಯಾಂಜರ್ ಎಲೀಟ್’ ಎಂಬ ಕಂಪ್ಯೂಟರ್ ಆಟ ಹೇಗಿದೆ ಎಂದು ಹಳೆಯ ಆಟಗಾರರನ್ನು ಕೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. ಎರಡನೇ ಮಹಾಯುದ್ಧದ ಟ್ಯಾಂಕನ್ನು ಇಷ್ಟು ನಿಷ್ಠೆಯಿಂದ ತೋರಿಸಿದ ಆಟ ಆ ಕಾಲದಲ್ಲಿ ಇರಲಿಲ್ಲ ಎನ್ನುವವರು ಒಂದು ಕಡೆ. ಹೊಡೆದದ್ದು ತಾಗುವುದಿಲ್ಲ, ಜೊತೆಯ ಟ್ಯಾಂಕುಗಳು ಬೇಲಿಗೆ ಸಿಕ್ಕಿಕೊಳ್ಳುತ್ತವೆ, ನೋಡಲೂ ಚೆನ್ನಾಗಿಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಆದರೆ ‘ತಾಗುವುದಿಲ್ಲ’ ಎಂಬ ದೂರು ಮಾತ್ರ ಹೆಚ್ಚಿನ ಪಾಲು ಆಟದ್ದಲ್ಲ, ಸೈಟಿನ, ಅಂದರೆ ತೋಪಿನ ಗುರಿ ನೋಡುವ ದುರ್ಬೀನಿನ ಹಿಂದೆ ಕೂತವರದ್ದು. ದೂರ ಅಳೆಯಲು ಕಲಿತ ಮೇಲೆ ಆ ದೂರು ತಾನಾಗಿ ಕರಗುತ್ತದೆ. ಅದಕ್ಕೇ ಈ ಬರಹದ ಬಹುಪಾಲು ಸೈಟಿನ ಮೇಲೇ ಇದೆ. ಉಳಿದ ದೂರುಗಳನ್ನು ಅಲ್ಲಲ್ಲಿ ತೂಗಿ ನೋಡಿದ್ದೇನೆ.

ಆಟ ಮಾಡಿದ್ದು ಜರ್ಮನಿಯ ವಿಂಗ್ಸ್ ಸಿಮ್ಯುಲೇಷನ್ಸ್, ಹೊರತಂದದ್ದು ಸಿಗ್ನೋಸಿಸ್. ಉತ್ತರ ಆಫ್ರಿಕಾ, ಇಟಲಿ, ನಾರ್ಮಂಡಿ ಎಂದು ಮೂರು ರಂಗ. ಜರ್ಮನ್ ಕಡೆಯಿಂದಲೂ ಅಮೆರಿಕನ್ ಕಡೆಯಿಂದಲೂ ಆಡಬಹುದು. ಒಂದು ಟ್ಯಾಂಕಿನೊಳಗೆ ಕೂತು ಇಡೀ ಪ್ಲಟೂನ್, ಅಂದರೆ ಜೊತೆಯ ಟ್ಯಾಂಕುಗಳ ತಂಡವನ್ನು ನಡೆಸಬೇಕು. ಪರದೆಯ ಮೇಲೆ ಆಯುಷ್ಯದ ಪಟ್ಟಿ ಇಲ್ಲ. ಶೆಲ್ ಎಲ್ಲಿ ಬಿತ್ತು, ಯಾವ ಕೋನದಲ್ಲಿ ಬಿತ್ತು ಎಂಬುದರ ಮೇಲೆ ಚೈನು ಹೋಗಬಹುದು, ಎಂಜಿನ್ ಹೋಗಬಹುದು, ಒಳಗಿನವನೊಬ್ಬ ಹೋಗಬಹುದು. 2006ರಲ್ಲಿ ಇದೇ ಹೆಸರು ಹೊತ್ತು ಬಂದ ‘ಪ್ಯಾಂಜರ್ ಎಲೀಟ್ ಆಕ್ಷನ್’ ಬೇರೆ ಜಾತಿಯದು, ನೈಜತೆಗಿಂತ ವೇಗದ ಹೊಡೆದಾಟಕ್ಕೆ ಒತ್ತು ಕೊಡುವ ಆರ್ಕೇಡ್ ಆಟ. ಹೆಸರು ನೋಡಿ ಅದನ್ನು ಕೊಂಡು ಬೈದವರ ಮಾತನ್ನು ಈ ಆಟದ ಲೆಕ್ಕಕ್ಕೆ ಹಿಡಿಯಬಾರದು.

ಮೊದಲು ಇದು ಈಗಿನ ಕಂಪ್ಯೂಟರಿನಲ್ಲಿ ಓಡಬೇಕಲ್ಲ. ಇನ್‌ಸ್ಟಾಲ್ ಮಾಡುವಾಗ ‘ಪ್ರೋಗ್ರಾಮ್ ಫೈಲ್ಸ್’ ಒಳಗೆ ಹಾಕಬೇಡಿ. ಸಿ ಅಥವಾ ಡಿ ಡ್ರೈವಿನ ಬುಡದಲ್ಲೇ ‘ಆಟ’ ಎಂದೋ ‘ಗೇಮ್ಸ್’ ಎಂದೋ ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿ. ವಿಸ್ಟಾದಿಂದ ಈಚೆಗಿನ ವಿಂಡೋಸ್, ಹಳೆಯ ಪ್ರೋಗ್ರಾಮ್ ತನ್ನದೇ ಫೋಲ್ಡರಿಗೆ ಬರೆಯಹೊರಟರೆ ಆ ಫೈಲನ್ನು ಗೊತ್ತಾಗದಂತೆ ‘ವರ್ಚುವಲ್ ಸ್ಟೋರ್’ ಎಂಬ ಬೇರೆ ಜಾಗಕ್ಕೆ ತಳ್ಳುತ್ತದೆ. ಆಮೇಲೆ ನೀವು ಒಂದು ಫೈಲ್ ತಿದ್ದುತ್ತೀರಿ, ಆಟ ಇನ್ನೊಂದನ್ನು ಓದುತ್ತದೆ. ಸೆಟ್ಟಿಂಗ್ ಉಳಿಯುತ್ತಿಲ್ಲ, ಮಾಡ್ (ಅಭಿಮಾನಿಗಳು ಆಟಕ್ಕೆ ಮಾಡಿದ ತಿದ್ದುಪಡಿ) ಕೆಲಸ ಮಾಡುತ್ತಿಲ್ಲ ಎಂಬ ಗೋಳು ಹೆಚ್ಚಾಗಿ ಇಲ್ಲಿಂದಲೇ ಹುಟ್ಟುತ್ತದೆ.

ಚಿತ್ರ ಹರಿದು ಬಂದರೆ, ಮೆನುವಿನಲ್ಲೇ ಪರದೆ ಕಪ್ಪಾದರೆ ಡಿಜಿವೂಡೂ ಹಾಕಿಕೊಳ್ಳಿ, ಹಳೆಯ ಆಟಗಳ ಚಿತ್ರವನ್ನು ಈಗಿನ ವಿಂಡೋಸಿಗೆ ಹೊಂದಿಸುವ ಪ್ರೋಗ್ರಾಮ್ ಅದು. ಅದರ ಜಿಪ್ಪಿನೊಳಗೆ ‘ಎಂಎಸ್’ ಫೋಲ್ಡರ್, ಅದರೊಳಗೆ ‘ಎಕ್ಸ್86’. ಅಲ್ಲಿರುವ ಡಿಡ್ರಾ, ಡಿ3ಡಿಇಮ್ ಎಂಬ ಎರಡು ಡಿಎಲ್‌ಎಲ್ ಫೈಲುಗಳನ್ನು ಆಟದ ಎಕ್ಸಿ (ಆಟ ಶುರುಮಾಡುವ ಫೈಲ್) ಇರುವ ಫೋಲ್ಡರಿಗೆ ನಕಲು ಮಾಡಬೇಕು. 64 ಬಿಟ್ ವಿಂಡೋಸ್ ಇದೆ ಎಂದು ‘ಎಕ್ಸ್64’ ಫೋಲ್ಡರಿನವನ್ನು ಹಾಕಿದರೆ ಏನೂ ಆಗುವುದಿಲ್ಲ, ಏಕೆಂದರೆ ಆಟ 32 ಬಿಟ್ಟಿನದು. ಡಿಜಿವೂಡೂ ಕಂಟ್ರೋಲ್ ಪ್ಯಾನೆಲ್ಲನ್ನೂ ಅದೇ ಫೋಲ್ಡರಿಗೆ ಹಾಕಿ ತೆರೆದು, ಡೈರೆಕ್ಟ್‌ಎಕ್ಸ್ ಪುಟದಲ್ಲಿ ವಿಡಿಯೋ ಮೆಮೊರಿ 64 ಅಥವಾ 128 ಎಂಬಿಗೆ ಇಳಿಸಿ. ಆ ಕಾಲದ ಪ್ರೋಗ್ರಾಮುಗಳಲ್ಲಿ ಕೆಲವು ತೀರಾ ದೊಡ್ಡ ಸಂಖ್ಯೆ ಕಂಡರೆ ಲೆಕ್ಕ ತಪ್ಪುತ್ತವೆ. ವಾಟರ್‌ಮಾರ್ಕ್ ಟಿಕ್ ತೆಗೆಯಿರಿ, ವಿ-ಸಿಂಕ್ ಹಾಕಿ. ಸ್ಕೇಲಿಂಗ್‌ನಲ್ಲಿ ಅನುಪಾತ ಉಳಿಸಿ ಹಿಗ್ಗಿಸುವ ಆಯ್ಕೆ ಆರಿಸಿ. ಎರಡೂ ಪಕ್ಕ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಆ ಕಪ್ಪು ಪಟ್ಟಿ ಸಹಿಸಲಾಗದೆ ಚಿತ್ರವನ್ನು ಅಗಲಕ್ಕೆ ಎಳೆಯುವವರಿದ್ದಾರೆ. ಇಡೀ ಚಿತ್ರ ಒಟ್ಟಿಗೆ ಹಿಗ್ಗಿದರೆ ಅಡ್ಡ ಅಳತೆಯ ಲೆಕ್ಕ ಕೆಡುವುದಿಲ್ಲ, ಏಕೆಂದರೆ ಗುರಿಯೂ ಸೈಟಿನ ತ್ರಿಕೋನವೂ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಅಪಾಯ ಇರುವುದು ಹೊರಗಿನ ದೃಶ್ಯವನ್ನಷ್ಟೇ ಅಗಲ ಮಾಡಿ ಸೈಟಿನ ಚಿತ್ರವನ್ನು ಹಾಗೇ ಬಿಡುವ ತಿದ್ದುಪಡಿಗಳಲ್ಲಿ. ಅಲ್ಲಿ ತ್ರಿಕೋನ 4 ಮಿಲ್ (ಇದು ಕೋನದ ಅಳತೆ, ವಿವರ ಮುಂದಿದೆ) ಎಂದರೂ ಅದು 4 ಮಿಲ್ ಆಗಿರುವುದಿಲ್ಲ, ಮುಂದಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಇನ್ನೆರಡು ಸಣ್ಣ ಮಾತು. ಸ್ಟಿಯರಿಂಗ್ ವೀಲ್, ಥ್ರಾಟಲ್, ಗೇಮ್‌ಪ್ಯಾಡ್ ಚುಚ್ಚಿದ್ದರೆ ತೆಗೆದಿಡಿ, ಟರೆಟ್ (ತೋಪು ಹೊತ್ತು ತಿರುಗುವ ಮೇಲ್ಭಾಗ) ತಾನಾಗಿ ಒಂದು ಕಡೆಗೆ ಜಾರುತ್ತಿದ್ದರೆ ಮೊದಲ ಅನುಮಾನ ಅವುಗಳ ಮೇಲೇ ಇರಲಿ. ಆಟ ಮುಗ್ಗರಿಸುತ್ತಿದ್ದರೆ ಟಾಸ್ಕ್ ಮ್ಯಾನೇಜರಿನಲ್ಲಿ ಅಫಿನಿಟಿಯನ್ನು ಒಂದೇ ಕೋರಿಗೆ ಕಟ್ಟಿ ನೋಡಿ.

ಈಗ ಸೈಟಿಗೆ ಬರೋಣ.

ಜರ್ಮನ್ ಸೈಟಿನ ನಡುವೆ ಒಂದು ದೊಡ್ಡ ತ್ರಿಕೋನ, ಅದರ ಎಡಕ್ಕೆ ಮೂರು, ಬಲಕ್ಕೆ ಮೂರು ಸಣ್ಣ ತ್ರಿಕೋನಗಳು. ನೋಡಿದವರು ಇದನ್ನು ಗುರಿ ಇಡುವ ಗುರುತು ಎಂದಷ್ಟೇ ಅಂದುಕೊಳ್ಳುತ್ತಾರೆ. ಇದು ಅಳತೆಕೋಲು ಕೂಡ. ದೊಡ್ಡ ತ್ರಿಕೋನದ ಬುಡದ ಅಗಲ 4 ಮಿಲ್, ಎತ್ತರವೂ 4. ಸಣ್ಣದರ ಅಗಲ 2. ಒಂದು ತುದಿಯಿಂದ ಪಕ್ಕದ ತುದಿಗೆ 4. ಒಂದು ಮಿಲ್ ಅಂದರೆ ಒಂದು ಸಾವಿರ ಮೀಟರಿನಾಚೆ ಒಂದು ಮೀಟರು ಕಾಣುವಷ್ಟು ಕೋನ. ಹಾಗಾಗಿ ಗುರಿಯ ಅಗಲವನ್ನು ಮೀಟರಿನಲ್ಲಿ ತೆಗೆದುಕೊಂಡು ಸಾವಿರದಿಂದ ಗುಣಿಸಿ, ಅದು ಎಷ್ಟು ಮಿಲ್ ಕಾಣುತ್ತದೋ ಅಷ್ಟರಿಂದ ಭಾಗಿಸಿದರೆ ದೂರ ಬರುತ್ತದೆ. ಇಷ್ಟೇ ಗಣಿತ.

ಅಮೆರಿಕನ್ನರ ಶರ್ಮನ್ ಟ್ಯಾಂಕಿನ ಅಗಲ 2.6 ಮೀಟರ್, ಒಡಲಿನ ಉದ್ದ ಸುಮಾರು 5.8. ನೇರ ಮುಂದೆ ನಿಂತ ಶರ್ಮನ್ ಸಣ್ಣ ತ್ರಿಕೋನದ ಅಗಲಕ್ಕೆ ಸರಿಹೊಂದಿದರೆ 1300 ಮೀಟರ್. ದೊಡ್ಡ ತ್ರಿಕೋನವನ್ನು ತುಂಬಿದರೆ 650. ಪಕ್ಕದಿಂದ ಕಂಡಾಗ ದೊಡ್ಡ ತ್ರಿಕೋನದಷ್ಟಿದ್ದರೆ 1450, ನಡು ತ್ರಿಕೋನದ ತುದಿಯಿಂದ ಪಕ್ಕದ ಎರಡನೇ ತುದಿವರೆಗೆ, ಅಂದರೆ 8 ಮಿಲ್ ಇದ್ದರೆ 725. ಹೊಡೆದಾಟದ ನಡುವೆ ಭಾಗಾಕಾರ ಮಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ. ಮಾನಿಟರಿನ ಕೆಳಗೆ ಒಂದು ಚೀಟಿ ಅಂಟಿಸಿಕೊಳ್ಳಿ. ಮುಂದಿನಿಂದ: 2 ಮಿಲ್ಲಿಗೆ 1300, 3ಕ್ಕೆ 870, 4ಕ್ಕೆ 650, 5ಕ್ಕೆ 520. ಪಕ್ಕದಿಂದ: 4ಕ್ಕೆ 1450, 6ಕ್ಕೆ 970, 8ಕ್ಕೆ 725, 10ಕ್ಕೆ 580. ಒಂದು ವಾರ ಆಡಿದರೆ ಚೀಟಿ ಬೇಕಾಗುವುದಿಲ್ಲ.

ಹೊಸಬರು ಎಡವುವುದು ಓರೆಯಾಗಿ ನಿಂತ ಟ್ಯಾಂಕಿನಲ್ಲಿ. 45 ಡಿಗ್ರಿ ತಿರುಗಿದ ಶರ್ಮನ್ ಅಗಲ ಮತ್ತು ಉದ್ದದ ನಡುವೆ ಎಲ್ಲೋ, ಸುಮಾರು 4 ಮೀಟರ್ ಕಾಣಬಹುದು ಎಂದು ಮನಸ್ಸು ಹೇಳುತ್ತದೆ. ತಪ್ಪು. ಮುಂಭಾಗವೂ ಪಕ್ಕವೂ ಎರಡೂ ಸೇರಿ ಕಾಣುವುದರಿಂದ ಅದು 5.9 ಮೀಟರ್ ಆಗುತ್ತದೆ, ಪೂರಾ ಪಕ್ಕಕ್ಕೆ ನಿಂತಷ್ಟೇ. 30 ಡಿಗ್ರಿ ತಿರುಗಿದರೆ 5.1, 60 ತಿರುಗಿದರೆ 6.3. ಹಾಗಾಗಿ ಟ್ಯಾಂಕಿನ ಒಂದು ಪಕ್ಕ ಚೆನ್ನಾಗಿ ಕಾಣುತ್ತಿದೆ ಎಂದಾದರೆ ಕಣ್ಣುಮುಚ್ಚಿ 5.8 ಎಂದು ಹಿಡಿಯಿರಿ, ತಪ್ಪು ಶೇ. 15 ದಾಟುವುದಿಲ್ಲ. ಕಷ್ಟ ಇರುವುದು ಸ್ವಲ್ಪವೇ ತಿರುಗಿದ್ದರಲ್ಲಿ. 15 ಡಿಗ್ರಿ ತಿರುಗಿದ ಶರ್ಮನ್ ಆಗಲೇ 4 ಮೀಟರ್ ಕಾಣುತ್ತದೆ. ನೇರ ನಿಂತಿದೆ ಎಂದುಕೊಂಡು 2.6 ಹಿಡಿದರೆ 1000 ಮೀಟರಿನಲ್ಲಿರುವುದನ್ನು 650 ಎಂದು ಓದುತ್ತೀರಿ, ಶೆಲ್ ಅದರ ಮುಂದಿನ ಗದ್ದೆಗೆ ಬೀಳುತ್ತದೆ. ಅನುಮಾನ ಬಂದರೆ ಎತ್ತರ ಅಳೆಯಿರಿ. ಎಷ್ಟು ತಿರುಗಿದರೂ ಎತ್ತರ 2.7 ಮೀಟರೇ. ಬುಡ ಹುಲ್ಲಿನಲ್ಲಿ ಮುಚ್ಚಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ.

ಶರ್ಮನ್ ಎಷ್ಟು ಎತ್ತರದ ಪ್ರಾಣಿ ಎಂಬುದು ಪರದೆಯ ಮೇಲೆ ಅಂದಾಜಾಗುವುದಿಲ್ಲ. 1965ರ ಭಾರತ-ಪಾಕಿಸ್ತಾನ ಯುದ್ಧದ ಅಸಲ್ ಉತ್ತರ್ ಕದನದಲ್ಲಿ ನಮ್ಮ ಸೇನೆಯ ಡೆಕ್ಕನ್ ಹಾರ್ಸ್ ದಳ ಇದೇ ಶರ್ಮನ್‌ಗಳಲ್ಲಿ ಹೋರಾಡಿತ್ತು. ಅಹ್ಮದ್‌ನಗರದ (ಈಗಿನ ಅಹಿಲ್ಯಾನಗರ) ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಮ್ಮಿಗೆ ಹೋದವರಿಗೆ ಅದರ ಪಕ್ಕ ನಿಂತು ನೋಡುವ ಅವಕಾಶ ಇದೆ. ಒಮ್ಮೆ ನಿಂತು ಬಂದರೆ 2.7 ಮೀಟರು ಮರೆಯುವುದಿಲ್ಲ.

ಸೈಟಿನ ಅಳತೆ ನಿಮ್ಮ ಯಂತ್ರದಲ್ಲಿ ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷಿಸಲು ಬೇರೆ ಸಲಕರಣೆ ಬೇಡ. ನಿಂತಿರುವ ಒಂದು ಗುರಿಯನ್ನು ಹುಡುಕಿ, ಮಿಲ್ ಎಣಿಸಿ, ದೂರ ಬರೆದಿಡಿ. ಆಮೇಲೆ ಅದನ್ನು ಮರೆತು ಶೆಲ್ ಹೊಡೆಯುತ್ತ ಹೋಗಿ. ಮುಂದೆ ಬಿದ್ದರೆ 200 ಕೂಡಿ, ಹಿಂದೆ ಹೋದರೆ 100 ಕಳೆಯಿರಿ, ಹೀಗೆ ಅರ್ಧರ್ಧ ಮಾಡುತ್ತ ನಡುಮಧ್ಯಕ್ಕೆ ತಾಗಿಸಿ. ತಾಗಿದಾಗ ಸೈಟಿನಲ್ಲಿ ಇಟ್ಟಿದ್ದ ದೂರವೇ ನಿಜದ ದೂರ. ಎರಡೂ ನೂರು ಮೀಟರಿನೊಳಗೆ ಹೊಂದಿದರೆ ಸೈಟ್ ಸರಿಯಿದೆ. ಪ್ರತಿ ಸಲವೂ ಒಂದೇ ಪ್ರಮಾಣದಲ್ಲಿ ವ್ಯತ್ಯಾಸ ಬಂದರೆ ಮೇಲೆ ಹೇಳಿದ, ಹೊರಗಿನ ದೃಶ್ಯವನ್ನಷ್ಟೇ ಅಗಲ ಮಾಡುವ ತಿದ್ದುಪಡಿ ಇದೆಯೇ ಹುಡುಕಿ.

ದೂರ ಎಷ್ಟು ಕರಾರುವಾಕ್ಕಾಗಿ ಬೇಕು ಎಂಬುದು ದೂರವನ್ನೇ ಅವಲಂಬಿಸಿದೆ. ಜರ್ಮನ್ನರ ಪ್ಯಾಂಜರ್ 4 ಟ್ಯಾಂಕಿನ ಉದ್ದ ನಳಿಗೆಯ 75 ಮಿ.ಮೀ. ತೋಪು ಕವಚಭೇದಿ ಶೆಲ್ಲನ್ನು ಸೆಕೆಂಡಿಗೆ ಸುಮಾರು 750 ಮೀಟರಿನಂತೆ ಕಳಿಸುತ್ತದೆ. 500 ಮೀಟರಿನಲ್ಲಿ ಅದು ಬಹುತೇಕ ಅಡ್ಡವಾಗಿಯೇ ಹೋಗುತ್ತಿರುತ್ತದೆ, ನೀವು 250 ಮೀಟರ್ ತಪ್ಪಾಗಿ ಅಂದಾಜಿಸಿದ್ದರೂ ಟ್ಯಾಂಕಿನ ಎಲ್ಲೋ ಒಂದು ಕಡೆ ತಾಗುತ್ತದೆ. 1000 ಮೀಟರಿನಲ್ಲಿ ಸಲ್ಲುವ ತಪ್ಪು ಆಚೀಚೆ 120ರಷ್ಟು. 1500ರಲ್ಲಿ 80 ಕೂಡ ಇಲ್ಲ. ಶರ್ಮನ್ನಿನ 75 ಮಿ.ಮೀ. ತೋಪಿನ ವೇಗ 618 ಮೀಟರ್ ಮಾತ್ರ, ಶೆಲ್ ಹೆಚ್ಚು ಕಮಾನಾಗಿ ಹೋಗುತ್ತದೆ, ಹಾಗಾಗಿ 1000 ಮೀಟರಿನಲ್ಲೇ ತಪ್ಪು 80ರೊಳಗಿರಬೇಕು. ಅಮೆರಿಕನ್ ಕಡೆ ಆಡುವುದು ಕಷ್ಟ ಎಂದು ಹೇಳುವವರ ಅನುಭವಕ್ಕೆ ಇದೊಂದು ಗಟ್ಟಿ ಕಾರಣ. ಇನ್ನೊಂದು ಕಾರಣವೂ ಇದೆ: ಅಮೆರಿಕನ್ ದುರ್ಬೀನಿನ ಗೆರೆಗಳು ಗಜದ ಲೆಕ್ಕದವು. 1000 ಗಜ ಎಂದರೆ 914 ಮೀಟರ್. ಜರ್ಮನ್ ಕಡೆ ಆಡಿ ಕೈ ಕೂತವರು ಕಡೆ ಬದಲಿಸಿದ ಕೂಡಲೆ ಮೀಟರಿನಲ್ಲಿ ಯೋಚಿಸಿ ಗಜದಲ್ಲಿ ಹೊಡೆಯುತ್ತಾರೆ, ದೂರದ ಗುರಿಗೆ ಶೆಲ್ ಮುಂದೆಯೇ ಬಿದ್ದುಬಿಡುತ್ತದೆ.

ಹತ್ತಿರದ ಹೊಡೆದಾಟಕ್ಕೆ ಅಳೆಯುವ ಗೋಜೇ ಬೇಡ. ಸೈಟನ್ನು 800 ಮೀಟರಿಗೆ ಇಟ್ಟುಬಿಡಿ. ಗುರಿಯ ಹೊಟ್ಟೆಗಲ್ಲ, ಅದು ನೆಲ ಮುಟ್ಟುವ ಅಂಚಿಗೆ ತ್ರಿಕೋನದ ತುದಿ ಇಡಿ. 800ಕ್ಕೆ ಇಟ್ಟ ಶೆಲ್ ದಾರಿಯಲ್ಲಿ ನೋಟದ ಗೆರೆಗಿಂತ ಮೇಲೇರುವುದು ಹೆಚ್ಚೆಂದರೆ ಒಂದೂವರೆ ಮೀಟರಿನಷ್ಟು. ಟ್ಯಾಂಕಿನ ಎತ್ತರ ಅದಕ್ಕಿಂತ ಹೆಚ್ಚು. ಆದ್ದರಿಂದ 0ಯಿಂದ 800ರವರೆಗೆ ಗುರಿ ಎಲ್ಲೇ ಇದ್ದರೂ ಶೆಲ್ ಅದರ ಮೈಮೇಲೆಯೇ ಬೀಳುತ್ತದೆ. ಶರ್ಮನ್‌ನಲ್ಲಿ ನೀವು ಕೂತಿದ್ದರೆ ಇದೇ ಉಪಾಯವನ್ನು 600ಕ್ಕೆ ಮಾಡಿ. 800ಕ್ಕೆ ಮಾಡಿದರೆ ಶೆಲ್ ಎರಡು ಮೀಟರಿಗೂ ಮೇಲೇರಿ, 2.16 ಮೀಟರ್ ಎತ್ತರದ ಸ್ಟುಗ್ ಎಂಬ ಟರೆಟ್ ಇಲ್ಲದ ಜರ್ಮನ್ ವಾಹನದ ನೆತ್ತಿ ಸವರಿಕೊಂಡು ಹೋಗುತ್ತದೆ. ನಾರ್ಮಂಡಿಯ ಬೇಲಿಗಳ ನಡುವೆ ಗುರಿ ಕಾಣುವುದೇ ಇನ್ನೂರು ಮುನ್ನೂರು ಮೀಟರಿನಲ್ಲಿ. ಅಲ್ಲಿ ಮಿಲ್ ಎಣಿಸುತ್ತ ಕೂತವನು ಸಾಯುತ್ತಾನೆ. ಆಫ್ರಿಕಾದ ಬಯಲಿನಲ್ಲಿ ಎಣಿಸದವನು ಸಾಯುತ್ತಾನೆ. ಒಂದೇ ರಂಗವನ್ನಷ್ಟೇ ಆಡಿ ಆಟದ ಬಗ್ಗೆ ತೀರ್ಪು ಕೊಟ್ಟವರ ಮಾತುಗಳು ಪರಸ್ಪರ ತಾಳೆಯಾಗದಿರುವುದು ಇದಕ್ಕೇ.

ಓಡುತ್ತಿರುವ ಗುರಿಗೆ ಎಷ್ಟು ಮುಂದೆ ಹಿಡಿಯಬೇಕು? ಇಲ್ಲಿ ಒಂದು ಅನುಕೂಲ ಇದೆ. ದೂರ ಹೆಚ್ಚಿದಷ್ಟೂ ಶೆಲ್ ಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಗುರಿ ಸಾಗಿದ ದೂರ ಅಷ್ಟೇ ಸಣ್ಣದಾಗಿ ಕಾಣುತ್ತದೆ. ಒಂದಕ್ಕೊಂದು ಹೊಡೆದುಹೋಗಿ ಮಿಲ್ಲಿನ ಲೆಕ್ಕ ಹೆಚ್ಚು ಕಡಿಮೆ ಒಂದೇ ಉಳಿಯುತ್ತದೆ. ಗಂಟೆಗೆ 20 ಕಿ.ಮೀ. ಓಟದಲ್ಲಿ ಅಡ್ಡಹಾಯುವ ಟ್ಯಾಂಕಿಗೆ ಪ್ಯಾಂಜರ್ 4ರಿಂದ 7ರಿಂದ 8 ಮಿಲ್ ಮುಂದೆ ಹಿಡಿಯಬೇಕು. ಅಂದರೆ ನಡು ತ್ರಿಕೋನದ ಬದಲು ಪಕ್ಕದ ಎರಡನೇ ಸಣ್ಣ ತ್ರಿಕೋನದ ತುದಿಯನ್ನು ಗುರಿಯ ಮೇಲೆ ಇಟ್ಟು ಹೊಡೆಯಿರಿ. ಬಲದಿಂದ ಎಡಕ್ಕೆ ಓಡುತ್ತಿದ್ದರೆ ಬಲಗಡೆಯ ತ್ರಿಕೋನ, ಎಡದಿಂದ ಬಲಕ್ಕಾದರೆ ಎಡಗಡೆಯದು. ತರಾತುರಿಯಲ್ಲಿ ಇದನ್ನು ಉಲ್ಟಾ ಮಾಡುವವರೇ ಹೆಚ್ಚು. ಓಟ ಅರ್ಧಕ್ಕಿಳಿದರೆ ಮೊದಲ ತ್ರಿಕೋನ. 45 ಡಿಗ್ರಿ ಓರೆಯಾಗಿ ಹತ್ತಿರ ಬರುತ್ತಿದ್ದರೆ ಮೊದಲ ಮತ್ತು ಎರಡನೆಯದರ ನಡುವೆ. ಶರ್ಮನ್ನಿನಿಂದಾದರೆ ಅದೇ 20 ಕಿ.ಮೀ. ಓಟಕ್ಕೆ 9 ಮಿಲ್. ಸಾವಿರ ಮೀಟರಿನಲ್ಲಿ ಅದು ಗುರಿಯ ಒಂದೂವರೆ ಮೈಯುದ್ದ, 500ರಲ್ಲಿ ಮುಕ್ಕಾಲು ಮೈಯುದ್ದ.

ದೂರ ಸರಿಯಾಗಿ ಇಟ್ಟರೂ ಶೆಲ್ ಪ್ರತಿ ಸಲ ಒಂದೇ ಪಕ್ಕಕ್ಕೆ ಹೋಗುತ್ತಿದ್ದರೆ ನಿಮ್ಮ ಟ್ಯಾಂಕ್ ನಿಂತ ನೆಲ ನೋಡಿ. ತೋಪು ಟ್ಯಾಂಕಿನ ಮೈಗೆ ನೇರವಾಗಿ ಮೇಲೇಳುತ್ತದೆ, ಭೂಮಿಗೆ ನೇರವಾಗಿ ಅಲ್ಲ. ಟ್ಯಾಂಕ್ ಒಂದು ಪಕ್ಕಕ್ಕೆ 10 ಡಿಗ್ರಿ ವಾಲಿ ನಿಂತಿದ್ದರೆ ಸಾವಿರ ಮೀಟರಿನಲ್ಲಿ ಶೆಲ್ ತಗ್ಗಿನ ಕಡೆಗೆ ಒಂದೂವರೆ ಮೀಟರ್ ಸರಿಯುತ್ತದೆ. ನೇರ ನಿಂತ ಟ್ಯಾಂಕಿನ ಪಕ್ಕದಲ್ಲೇ ತೂರಿಹೋಗಲು ಅಷ್ಟು ಸಾಕು. ಒಂದೆರಡು ಮೀಟರ್ ಹಿಂದೆ ಮುಂದೆ ಮಾಡಿ ಮಟ್ಟದ ಜಾಗ ಹುಡುಕಿಕೊಳ್ಳಿ. ಅದು ಆಗದಿದ್ದರೆ ಏರಿನ ಕಡೆಗೆ ಒಂದೂವರೆ ಮಿಲ್ ಹಿಡಿಯಿರಿ.

ನಿಲ್ಲುವುದು ಎಂದರೆ ಪೂರ್ತಿ ನಿಲ್ಲುವುದು. ಬ್ರೇಕ್ ಹಾಕಿದ ಮೇಲೆ ಒಡಲು ಮುಂದಕ್ಕೆ ಬಾಗಿ ಹಿಂದಕ್ಕೆ ಬರುತ್ತದೆ, ಆ ತೂಗಾಟ ಅಡಗುವವರೆಗೆ ಬೆರಳು ತಡೆಯಿರಿ. ಹೊಡೆದ ಮೇಲೆ ಧೂಳು, ಹೊಗೆ ಮುಂದೆ ಕವಿಯುತ್ತದೆ. ಆ ಎರಡು ಸೆಕೆಂಡು ಸೈಟನ್ನು ಅಲುಗಿಸಬೇಡಿ. ಅಲುಗಿಸಿದರೆ ಶೆಲ್ ಎಲ್ಲಿ ಬಿತ್ತು ಎಂಬ ಸುಳಿವು ಕಳೆದುಕೊಂಡು ಎರಡನೇ ಶೆಲ್ಲನ್ನೂ ಮೊದಲಿನಂತೆಯೇ ಊಹೆಯಲ್ಲಿ ಹೊಡೆಯಬೇಕಾಗುತ್ತದೆ.

ಒಂದು ಹೊಡೆತವನ್ನು ಇಡಿಯಾಗಿ ನೋಡೋಣ. ನೀವು ಪ್ಯಾಂಜರ್ 4ರಲ್ಲಿ, ಒಡಲು ದಿಬ್ಬದ ಹಿಂದೆ, ಟರೆಟ್ ಮಾತ್ರ ಮೇಲೆ. ಎಡಗಡೆಯ ಮರಗಳ ಮರೆಯಿಂದ ಶರ್ಮನ್ ಬಂದು ರಸ್ತೆಯ ಮೇಲೆ ನಿಂತಿತು, ಮೂತಿಯೂ ಬಲಪಕ್ಕವೂ ಕಾಣುತ್ತಿವೆ. ಪಕ್ಕ ಕಾಣುತ್ತಿದೆ ಅಂದಮೇಲೆ 5.8. ನಡು ತ್ರಿಕೋನದ ತುದಿಯನ್ನು ಅದರ ಒಂದು ಕೊನೆಗೆ ಇಟ್ಟರೆ ಇನ್ನೊಂದು ಕೊನೆ ಮೊದಲ ಸಣ್ಣ ತ್ರಿಕೋನ ದಾಟಿ, ಎರಡನೆಯದಕ್ಕೆ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. 4 ಮತ್ತು 2, ಒಟ್ಟು 6 ಮಿಲ್. 970, ಸೈಟಿಗೆ 1000 ಎಂದು ಇಡಿ. ಗುರಿ ಒಡಲಿನ ನಡುವೆ. ಹೊಡೆದಿರಿ. ಧೂಳು ಅದರ ಮುಂದೆ ಎದ್ದು ಟ್ಯಾಂಕನ್ನು ಮರೆಮಾಡಿದರೆ ಮುಂದೆ ಬಿತ್ತು ಎಂದರ್ಥ, 1100. ಧೂಳಿನ ಮುಂದೆ ಟ್ಯಾಂಕಿನ ಆಕಾರ ಕಪ್ಪಾಗಿ ಎದ್ದು ಕಂಡರೆ ಹಿಂದೆ ಹೋಯಿತು, 900. ಏನೂ ಕಾಣದೆ ಹೋದರೆ ಬಹುಮಟ್ಟಿಗೆ ಮೇಲೆ ಹಾರಿಹೋಗಿದೆ, 800ಕ್ಕೆ ಇಳಿಸಿ. ಮೂರನೇ ಶೆಲ್ಲಿಗೂ ತಾಗದಿದ್ದರೆ ಹಿಂದಕ್ಕೆ ಸರಿದು ಜಾಗ ಬದಲಿಸಿ. ಅಷ್ಟು ಹೊತ್ತಿಗೆ ನಿಮ್ಮ ಹೊಗೆ ನೋಡಿದವರು ಇನ್ನೂ ಯಾರೋ ಇರುತ್ತಾರೆ.

ಶೆಲ್ಲಿನ ಬಗೆ ಬದಲಿಸಿದಾಗ ಸೈಟಿನ ಅಳತೆಯೂ ಬದಲಾಗಬೇಕು. ಸಿಡಿಗುಂಡು ನಿಧಾನ, ಅದೇ ಪ್ಯಾಂಜರ್ 4ರ ತೋಪಿನಿಂದ ಸೆಕೆಂಡಿಗೆ 550 ಮೀಟರ್. ಕವಚಭೇದಿಯ ಅಳತೆಯಲ್ಲೇ ಸಿಡಿಗುಂಡು ಹೊಡೆದರೆ 800 ಮೀಟರಿನಲ್ಲಿ ಅದು ಐದು ಮೀಟರಿನಷ್ಟು ಕೆಳಗಾಗಿ, ಗುರಿಗೆ ಬಹಳ ಮುಂಚೆಯೇ ನೆಲ ಸೇರುತ್ತದೆ. ‘ಪಾಕ್’ ಎಂಬ ಜರ್ಮನ್ ಟ್ಯಾಂಕ್ ವಿರೋಧಿ ತೋಪುಗಳು ಸಾಯುವುದೇ ಇಲ್ಲ ಎಂದು ದೂರುವವರಿಗೆ ನಾನು ಮೊದಲು ಕೇಳುವುದು ಇದನ್ನೇ. ಟ್ಯಾಂಕಿನ ಅರ್ಧದಷ್ಟೂ ಎತ್ತರವಿಲ್ಲದ ಗುರಿ ಅದು, ಮಿಲ್ ಎಣಿಸಿ ದೂರ ತೆಗೆಯುವುದು ಕಷ್ಟ. ಅದರ ಪಕ್ಕದ ಮನೆ, ಮರ, ಸುಟ್ಟ ಟ್ಯಾಂಕು ಯಾವುದನ್ನಾದರೂ ಅಳೆದು ಅದೇ ದೂರಕ್ಕೆ ಇಡಿ. ಸಿಡಿಗುಂಡು ಮೇಲೆ ಹಾರಿಹೋಗುವುದಕ್ಕಿಂತ ಸ್ವಲ್ಪ ಮುಂದೆ ಬೀಳುವುದು ಲಾಭ, ಚೂರುಗಳಾದರೂ ತಲುಪುತ್ತವೆ.

ತಾಗಿದ್ದೆಲ್ಲ ತೂರುವುದಿಲ್ಲ. ‘ಹತ್ತು ಶೆಲ್ ಹೊಡೆದೆ, ಟೈಗರ್ ನಗುತ್ತ ನಿಂತಿತ್ತು’ ಎಂಬ ಮಾತಿನಲ್ಲಿ ಆಟದ ತಪ್ಪೇನೂ ಇಲ್ಲ. ಜರ್ಮನ್ನರ ಟೈಗರ್ ಟ್ಯಾಂಕಿನ ಕವಚ ಮುಂಭಾಗದಲ್ಲಿ 100 ಮಿ.ಮೀ., ಪಕ್ಕದ ಮೇಲ್ಭಾಗ 80, ಚಕ್ರಗಳ ಹಿಂದಿನ ಕೆಳಭಾಗ 60. ಶರ್ಮನ್ನಿನ 75 ಮಿ.ಮೀ. ಶೆಲ್ 500 ಗಜದಲ್ಲಿ 30 ಡಿಗ್ರಿ ಓರೆಯ ತಟ್ಟೆಯಲ್ಲಿ ತೂರುವುದೇ 60 ಮಿ.ಮೀ. ಆಸುಪಾಸು. ಮುಂದಿನಿಂದ ನೂರು ಹೊಡೆದರೂ ಅಷ್ಟೇ. ಪಕ್ಕಕ್ಕೆ, ಹತ್ತಿರಕ್ಕೆ, ಕೆಳಕ್ಕೆ, ಈ ಮೂರೂ ಒಟ್ಟಿಗೆ ಸಿಗಬೇಕು. ಸಿಗದಿದ್ದರೆ ಚೈನಿಗೆ ಹೊಡೆದು ನಿಲ್ಲಿಸಿ ಹೊಗೆ ಹಾಕಿ ಸುತ್ತು ಬಳಸಿ. ಜರ್ಮನ್ನರದೇ ಆದ ಪ್ಯಾಂಥರ್ ಟ್ಯಾಂಕಿನ ಮೂತಿ 80 ಮಿ.ಮೀ. ದಪ್ಪವಿದ್ದು 55 ಡಿಗ್ರಿ ಹಿಂದಕ್ಕೆ ಮಲಗಿದೆ, ಅದನ್ನು ಮರೆತುಬಿಡಿ. ಆದರೆ ಅದರ ಪಕ್ಕ 40ರಿಂದ 50, ಶರ್ಮನ್‌ಗೂ ಸುಲಭದ ತುತ್ತು. ಪ್ಯಾಂಜರ್ 4ರಲ್ಲಿ ಇದು ಇನ್ನೂ ಸ್ವಾರಸ್ಯ: ಕೊನೆಗಾಲದ ಮಾದರಿಗಳ ಒಡಲಿನ ಮುಂಭಾಗ 80 ಇದ್ದರೂ ಟರೆಟ್ಟಿನ ಮುಂಭಾಗ 50 ಮಾತ್ರ. ದೊಡ್ಡದಾಗಿ ಕಾಣುವ ಒಡಲಿಗೆ ಹೊಡೆಯುವ ಆಸೆ ಬಿಟ್ಟು ಟರೆಟ್ಟಿಗೆ ಹೊಡೆಯಿರಿ. ದಿಬ್ಬದ ಹಿಂದೆ ನಿಂತ ಪ್ಯಾಂಜರ್ 4 ತನ್ನ ಗಟ್ಟಿ ಭಾಗ ಮುಚ್ಚಿಕೊಂಡು ಮೆತ್ತನೆಯದನ್ನೇ ತೋರಿಸುತ್ತಿರುತ್ತದೆ ಎಂಬುದು ಅದನ್ನು ನಡೆಸುವವರಿಗೂ ನೆನಪಿರಲಿ.

ನೀವೇ ಟೈಗರಿನಲ್ಲಿದ್ದರೆ ಎದುರಾಳಿಗೆ ನೆಟ್ಟಗೆ ಮೂತಿ ಕೊಡಬೇಡಿ. ಒಡಲನ್ನು 30 ಡಿಗ್ರಿ ತಿರುಗಿಸಿ. ಮುಂಭಾಗದ 100 ಮಿ.ಮೀ. ಶೆಲ್ಲಿನ ದಾರಿಯಲ್ಲಿ 115 ಆಗುತ್ತದೆ, ಪಕ್ಕದ 80 ತೀರಾ ಓರೆಯಾಗಿ 160 ಆಗುತ್ತದೆ. 45ಕ್ಕಿಂತ ಹೆಚ್ಚು ತಿರುಗಿಸಿದರೆ ಪಕ್ಕವೇ ಮುಂದಾಗಿ ಲೆಕ್ಕ ತಿರುಗಿಬೀಳುತ್ತದೆ. ಶರ್ಮನ್‌ನಲ್ಲಿ ಈ ಚೇಷ್ಟೆ ಬೇಡ, ಅದರ ಪಕ್ಕ 38 ಮಿ.ಮೀ. ಮಾತ್ರ. ಶರ್ಮನ್ನಿನ ವರ ಬೇರೆ: ಟರೆಟ್ 15 ಸೆಕೆಂಡಿನಲ್ಲಿ ಒಂದು ಸುತ್ತು ಬರುತ್ತದೆ. ಟೈಗರಿಗೆ ಅದಕ್ಕೆ ಒಂದು ನಿಮಿಷದಷ್ಟು ಬೇಕು. ಮೂಲೆಯ ಹಿಂದಿನಿಂದ, ಟೈಗರ್ ಬೇರೆ ಕಡೆ ನೋಡುತ್ತಿರುವಾಗ ಹೊರಬಂದರೆ ಎರಡು ಶೆಲ್ ಹೊಡೆಯುವಷ್ಟು ಹೊತ್ತು ಸಿಗುತ್ತದೆ. ಟೈಗರಿನವರು ಅಂಥ ಹೊತ್ತಿನಲ್ಲಿ ಟರೆಟ್ ಜೊತೆಗೆ ಒಡಲನ್ನೂ ತಿರುಗಿಸಬೇಕು.

ಇನ್ನು ಪ್ಲಟೂನಿನ ದೂರು. ಇದನ್ನು ಸಮರ್ಥಿಸಲು ಹೋಗುವುದಿಲ್ಲ, ಇದು ನಿಜ. ಜೊತೆಯ ಟ್ಯಾಂಕುಗಳಿಗೆ ದೂರದ ಜಾಗ ತೋರಿಸಿ ‘ಹೋಗಿ’ ಎಂದರೆ ಬೇಲಿ, ಸೇತುವೆ, ಊರಿನ ಕಿರುದಾರಿಗಳಲ್ಲಿ ಒಂದರ ಬಾಲ ಒಂದು ಹಿಡಿದು ನಿಂತುಬಿಡುತ್ತವೆ. ಮದ್ದು ಇಲ್ಲ, ಪಥ್ಯ ಇದೆ. ಒಂದು ಸಲಕ್ಕೆ ಮುನ್ನೂರು ಮೀಟರಿಗಿಂತ ಹೆಚ್ಚು ನಡೆಸಬೇಡಿ. ಊರೊಳಗೆ ಸಾಲಾಗಿ, ಬಯಲಿನಲ್ಲಿ ಅಡ್ಡಸಾಲಾಗಿ. ಸಾಲಿನಿಂದ ಅಡ್ಡಸಾಲಿಗೆ ಬದಲಿಸುವ ಆಜ್ಞೆಯನ್ನು ಬೇಲಿ ದಾಟಿದ ಮೇಲೆ ಕೊಡಿ, ದಾಟುವಾಗ ಕೊಟ್ಟರೆ ಎಲ್ಲವೂ ಬೇಲಿಯ ಮೇಲೇ ಹರಡಿಕೊಳ್ಳುತ್ತವೆ. ನೀವು ಮುಂದೆ ಹೋಗಿ ಜಾಗ ನೋಡುವವರೆಗೆ ಅವು ನಿಂತೇ ಇರಲಿ. ಶತ್ರು ಕಂಡ ಕೂಡಲೆ ನೀವು ಮೊದಲು ಹೊಡೆಯಬೇಡಿ, ಅವುಗಳನ್ನು ಸರಿಯಾದ ದಿಕ್ಕಿಗೆ ನಿಲ್ಲಿಸಿ ಆಮೇಲೆ ಹೊಡೆಯಿರಿ. ನಿಂತ ಜಾಗದಿಂದ ಅವು ಚೆನ್ನಾಗಿಯೇ ಹೊಡೆಯುತ್ತವೆ. ಚಲಿಸುವಾಗ ಮಾತ್ರ ಅವುಗಳಿಂದ ಏನನ್ನೂ ನಿರೀಕ್ಷಿಸಬೇಡಿ.

ಯಾವ ಸೀಟಿನಲ್ಲಿ ಕೂರಬೇಕು ಎಂಬ ಬಗ್ಗೆ ಆಟಗಾರರಲ್ಲಿ ಹಳೆಯ ಜಗಳ ಇದೆ. ಮೇಲಿನದನ್ನೆಲ್ಲ ಓದಿ ಗನ್ನರ್ ಸೀಟೇ ಎಂದುಕೊಂಡರೆ ತಪ್ಪಾದೀತು. ಸೈಟಿನೊಳಗೆ ಕಾಣುವುದು ಸುಮಾರು 25 ಡಿಗ್ರಿಯ ಕಿಂಡಿ. ಆ ಕಿಂಡಿಯಲ್ಲಿ ಕೂತವನಿಗೆ ಪಕ್ಕದಿಂದ ಬಂದದ್ದು ಗೊತ್ತಾಗುವುದು ತಾಗಿದ ಮೇಲೆ. ಬಹುಪಾಲು ಹೊತ್ತು ಕಮಾಂಡರ್ ಆಗಿ ತಲೆ ಹೊರಗಿಟ್ಟು ನೋಡಿ, ಹತ್ತಿರದ ಗುರಿಗಳನ್ನು ಗನ್ನರಿಗೆ ತೋರಿಸಿ ಬಿಟ್ಟುಬಿಡಿ. 800 ಮೀಟರಿನಾಚೆಯದನ್ನು ಮಾತ್ರ ನೀವೇ ಹೊಡೆಯಿರಿ. ಕಾಲಾಳುಗಳು, ಮೆಷಿನ್ ಗನ್ ಹತ್ತಿರ ಇದ್ದರೆ ತಲೆ ಒಳಗೆಳೆದುಕೊಳ್ಳಿ, ಈ ಆಟದಲ್ಲಿ ಕಮಾಂಡರಿನ ತಲೆಗೂ ಗುಂಡು ತಾಗುತ್ತದೆ.

ನೋಟದ ಬಗೆಗಿನ ದೂರಿಗೆ ಹೇಳುವುದು ಹೆಚ್ಚಿಲ್ಲ. ನೆಲ ಒರಟು, ಮರಗಳು ರಟ್ಟಿನಂತಿವೆ, ಬಂದ ಕಾಲಕ್ಕೇ ಅದು ಸುಂದರ ಎನಿಸಿಕೊಂಡಿರಲಿಲ್ಲ. ಅಭಿಮಾನಿಗಳ ಮಾಡ್‌ಗಳು ಟ್ಯಾಂಕುಗಳ ಬಣ್ಣ, ಶಬ್ದ, ಹೊಸ ರಂಗಗಳನ್ನು ಕೊಡುತ್ತವೆ, ಆದರೆ ಒಂದರ ಮೇಲೊಂದು ಹಾಕಬೇಡಿ. ತಿದ್ದುಪಡಿಯಿಲ್ಲದ ಆಟದ ಫೋಲ್ಡರಿನ ಒಂದು ನಕಲನ್ನು ಮುಟ್ಟದೆ ಎತ್ತಿಡಿ. ಪ್ರತಿ ಮಾಡ್‌ಗೂ ಅದರಿಂದ ಇನ್ನೊಂದು ನಕಲು ತೆಗೆದು ಅದರೊಳಗೆ ಹಾಕಿ. ಇಡೀ ಆಟ ಇಂದಿನ ಡಿಸ್ಕಿನಲ್ಲಿ ಹಿಡಿಯುವ ಜಾಗ ಲೆಕ್ಕಕ್ಕೇ ಬರುವುದಿಲ್ಲ. ಡಿಜಿವೂಡೂವಿನ ಎರಡು ಡಿಎಲ್‌ಎಲ್ ಫೈಲುಗಳು ಪ್ರತಿ ನಕಲಿನಲ್ಲೂ ಇರಬೇಕು. ಹೊಸ ಮಾಡ್ ಹಾಕಿದ ಮೇಲೆ ಮೊದಲ ಕೆಲಸ, ನಿಂತ ಗುರಿಗೆ ಮಿಲ್ ಎಣಿಸಿ ಹೊಡೆದು ಸೈಟನ್ನು ಮತ್ತೆ ಪರೀಕ್ಷಿಸುವುದು. ಮಾಡ್ ಮಾಡಿದವರು ಟ್ಯಾಂಕಿನ ಚಿತ್ರ ಬದಲಿಸುವಾಗ ಸೈಟಿನ ಚಿತ್ರವನ್ನೂ ಬದಲಿಸಿರಬಹುದು, ಅದರ ತ್ರಿಕೋನ 4 ಮಿಲ್ ಇರಲೇಬೇಕೆಂದಿಲ್ಲ.